ಅಂಗಳದ ಬೆಂಕಿ, ನೆರೆಯವರ ಉಸಿರು



ಮಾಘ ಕಳೆದು ಫಾಲ್ಗುಣ ಅಡಿಯಿಡುವ ಹೊತ್ತಿಗೆ ತ್ಯಾಗರಾಜನಗರದ ಬೀದಿಗಳಲ್ಲಿ ಎಲೆ ಉದುರುವ ಕಾಲ. ಹೊಂಗೆಯ ಮರ ಹಳೆಯ ಎಲೆಗಳನ್ನು ಕಳಚಿ ಹೊಸ ಚಿಗುರಿಗೆ ಸಿದ್ಧವಾಗುತ್ತದೆ. ಮುಂಜಾನೆ ಗುಡಿಸಿದ ಬೀದಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ತರಗೆಲೆಯಿಂದ ತುಂಬಿರುತ್ತದೆ. ಮೂಲೆಯಲ್ಲಿ ಗುಡ್ಡೆಯಾದ ಎಲೆಗೆ ಯಾರೋ ಕಡ್ಡಿ ಗೀರುತ್ತಾರೆ. ಎಲೆಯ ಜೊತೆಗೆ ಹಾಲಿನ ಪ್ಯಾಕೆಟ್ಟು, ತಿಂಡಿಯ ಪೊಟ್ಟಣ, ಹರಿದ ಚಪ್ಪಲಿಗಳೂ ಉರಿಯುತ್ತವೆ. ಕಾಲು ಗಂಟೆಯಲ್ಲಿ ಬೀದಿ ಚೊಕ್ಕಟವಾಗಿ ಕಾಣುತ್ತದೆ. ಆದರೆ ಎದುರು ಮನೆಯ ಮೊದಲ ಮಹಡಿಯಲ್ಲಿ ಉಬ್ಬಸದ ಅಜ್ಜಿಯೊಬ್ಬರು ಕಿಟಕಿ ಮುಚ್ಚಿಕೊಂಡು ಕೂತಿರುತ್ತಾರೆ.

ಇದು ತಪ್ಪೇ? ಇದರ ಬಗ್ಗೆ ಕಾನೂನು ಏನು ಹೇಳುತ್ತದೆ? ಹೋಳಿಯ ಕಾಮದಹನ, ಸಂಕ್ರಾಂತಿಯ ಕಿಚ್ಚು, ವೀರಭದ್ರಸ್ವಾಮಿಯ ಗುಗ್ಗಳ ಇವೆಲ್ಲ ಅದೇ ಕಾನೂನಿಗೆ ಸೇರುತ್ತವೆಯೇ? ಈ ಸಲದ ಅಂಕಣದಲ್ಲಿ ನಾವು ಈ ಪ್ರಶ್ನೆಗಳನ್ನು ಸಮಾಧಾನವಾಗಿ ವಿಚಾರ ಮಾಡಲು ಬಯಸುತ್ತೇವೆ.

ನಮ್ಮ ನೆರೆಯ ಬಸವನಗುಡಿ ಬಡಾವಣೆ ಹುಟ್ಟಿದ ಬಗೆಯನ್ನು ಮೊದಲು ನೆನೆಯೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಕಂಗೆಟ್ಟರು. ಆಮೇಲೆ ಗಾಳಿ ಬೆಳಕು ಧಾರಾಳವಾಗಿ ಸಿಗಲೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲ ರಸ್ತೆ ಬಿಟ್ಟು, ಮರ ನೆಟ್ಟು ಕಟ್ಟಿದರು. ಅದರ ಬಳಿಕ ನಗರ ದಕ್ಷಿಣಕ್ಕೆ ಬೆಳೆಯುತ್ತ ಬಂದಂತೆ ತ್ಯಾಗರಾಜನಗರವೂ ಜಯನಗರ, ಬನಶಂಕರಿಗಳೂ ಬಂದವು. ಶುದ್ಧ ಗಾಳಿಗಾಗಿ ನೆಟ್ಟ ಮರದ ಎಲೆಯನ್ನೇ ಸುಟ್ಟು ಗಾಳಿಯನ್ನು ಕೆಡಿಸುವುದು ಹಿರಿಯರ ಆ ದೂರದೃಷ್ಟಿಗೆ ನಾವು ಸಲ್ಲಿಸುವ ಮರ್ಯಾದೆಯಲ್ಲ.

ಎಲೆಯ ಹೊಗೆ ಹಳ್ಳಿಯಲ್ಲಿಯೂ ಇತ್ತಲ್ಲ, ಅದರಿಂದ ಯಾರಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಬಯಲಿನಲ್ಲಿ ಎದ್ದ ಹೊಗೆ ಬಯಲಿಗೆ ಹೋಗುತ್ತಿತ್ತು. ಮೂವತ್ತು ನಲವತ್ತರ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಎದ್ದ ಹೊಗೆಗೆ ಹೋಗಲು ದಾರಿಯೆಲ್ಲಿ? ಚಳಿಗಾಲದ ಮುಂಜಾನೆಯಲ್ಲಂತೂ ನೆಲದ ಹತ್ತಿರದ ಗಾಳಿ ತಂಪಾಗಿಯೂ ಮೇಲಿನ ಗಾಳಿ ಬೆಚ್ಚಗೂ ಇದ್ದು, ಪಾತ್ರೆಗೆ ಮುಚ್ಚಳ ಹಾಕಿದಂತೆ ಹೊಗೆ ಕೆಳಗೇ ನಿಲ್ಲುತ್ತದೆ. ಆ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ಕೂದಲೆಳೆಯ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಮೂಗಿನ ರೋಮ, ಗಂಟಲಿನ ಕಫ ಇವುಗಳನ್ನು ತಡೆಯಲಾರವು. ಅವು ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಂಥ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿಯಲ್ಲಿ 60 ಮೈಕ್ರೊಗ್ರಾಮನ್ನು ಮೀರಬಾರದೆಂದು ನಮ್ಮ ದೇಶ 2009ರಲ್ಲಿ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೀಡಿದ ಸಲಹೆಯಂತೆ ಈ ಮಿತಿ 15 ಮೈಕ್ರೊಗ್ರಾಮ್ ಮಾತ್ರ. ಎಲೆಯ ಜೊತೆ ಪ್ಲಾಸ್ಟಿಕ್ಕು ಸೇರಿತೆಂದರೆ ಮಾತೇ ಬೇರೆ. ಪಿವಿಸಿ ಎಂಬ ಬಗೆಯ ಪ್ಲಾಸ್ಟಿಕ್ಕು ಕಡಿಮೆ ಉರಿಯಲ್ಲಿ ಬೆಂದಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಅವು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತವೆ.

ಕೋಪವನ್ನು ಕುರಿತು ಹೇಳುವಾಗ ಬಸವಣ್ಣನವರು ಮನೆಯೊಳಗಿನ ಕಿಚ್ಚನ್ನೇ ಉಪಮೆಯಾಗಿ ತಂದದ್ದು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಕೋಪದ ಕೇಡು ಮೊದಲು ಕೋಪಿಸಿಕೊಂಡವನಿಗೇ ಎಂಬುದು ಅದರ ತಾತ್ಪರ್ಯ. ಆದರೆ ಕಸದ ಬೆಂಕಿಯ ಸ್ವಭಾವ ಇದಕ್ಕೆ ತಿರುಗುಮುರುಗು. ಅದು ಹಚ್ಚಿದವನನ್ನು ಬಿಟ್ಟು ನೆರೆಮನೆಯ ತೊಟ್ಟಿಲನ್ನೂ ಹಾಸಿಗೆಯನ್ನೂ ಮೊದಲು ಹುಡುಕಿಕೊಂಡು ಹೋಗುತ್ತದೆ. ನೆರೆಯವರಿಗೆ ನೋವು ಕೊಡುವ ಶುಚಿತ್ವವನ್ನು ಶರಣಧರ್ಮ ಶುಚಿತ್ವವೆಂದು ಒಪ್ಪಲಾರದು.

ಇನ್ನು ಕಾನೂನಿನ ಮಾತು. ಇದು ನಿನ್ನೆ ಮೊನ್ನೆ ಬಂದದ್ದಲ್ಲ. 1981ರ ವಾಯುಮಾಲಿನ್ಯ ನಿಯಂತ್ರಣ ಅಧಿನಿಯಮದ 19ನೆಯ ಪ್ರಕರಣವೇ, ಇಂಧನವಲ್ಲದ ವಸ್ತುಗಳನ್ನು ಸುಡುವುದನ್ನು ಗೊತ್ತಾದ ಪ್ರದೇಶಗಳಲ್ಲಿ ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ಬೆಂಗಳೂರಿನವರೇ ಆದ ಶ್ರೀಮತಿ ಅಲ್ಮಿತ್ರಾ ಪಟೇಲರು ನಗರಗಳ ಕಸದ ಅವಸ್ಥೆಯನ್ನು ಕುರಿತು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಜಾರಿಗೆ ಬಂದವು. ಕಸವನ್ನಾಗಲಿ ಒಣಗಿದ ಎಲೆಯನ್ನಾಗಲಿ ಸುಡಕೂಡದೆಂದು ಆ ನಿಯಮಗಳಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು. ತರಗೆಲೆ ಕಸವಲ್ಲ, ಅದನ್ನು ಸುಟ್ಟರೆ ಅಡ್ಡಿಯಿಲ್ಲ ಎನ್ನುವವರಿಗೆ ಆಗಲೇ ಉತ್ತರ ಸಿಕ್ಕಿತ್ತು.

2016ರಲ್ಲಿ ಕೇಂದ್ರ ಸರ್ಕಾರ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಬೀದಿಯಲ್ಲಿ, ಸಾರ್ವಜನಿಕ ಬಯಲಿನಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಯಾರೂ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಅವು ವಿಧಿಸಿದವು. ಕೈತೋಟದ ಎಲೆ ಕಡ್ಡಿಯನ್ನು ಮನೆಯವರು ಬೇರೆಯಾಗಿ ತೆಗೆದಿರಿಸಬೇಕು. ಗುಡಿಸಿದ ಎಲೆಯನ್ನು ಸುಡದೆ ಬೇರೆಯಾಗಿ ಒಪ್ಪಿಸುವಂತೆ ಬೀದಿ ಗುಡಿಸುವವರಿಗೆ ನಗರಪಾಲಿಕೆ ತಿಳಿಸಬೇಕು. ಉದ್ಯಾನಗಳ ಎಲೆಯನ್ನು ಸಾಧ್ಯವಾದಷ್ಟು ಆ ಉದ್ಯಾನದಲ್ಲಿಯೇ ಗೊಬ್ಬರ ಮಾಡಬೇಕು. ಇವೂ ಆ ನಿಯಮಗಳ ಮಾತೇ. ಅದೇ ವರ್ಷದ ಡಿಸೆಂಬರ್ 22ರಂದು, ಅಲ್ಮಿತ್ರಾ ಪಟೇಲರ ಪ್ರಕರಣದಲ್ಲಿಯೇ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ಸಂಪೂರ್ಣವಾಗಿ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟವರಿಗೆ 5,000 ರೂಪಾಯಿ, ರಾಶಿ ಹಾಕಿ ಸುಟ್ಟವರಿಗೆ 25,000 ರೂಪಾಯಿ ಪರಿಹಾರ ಶುಲ್ಕವನ್ನು ಗೊತ್ತುಮಾಡಿತು. ಅಜಾಗರೂಕತೆಯಿಂದ ಬೆಂಕಿಯನ್ನು ಬಳಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಅದು ದಂಡಸಂಹಿತೆಯ ಅಪರಾಧವೂ ಹೌದು. ಭಾರತೀಯ ದಂಡಸಂಹಿತೆಯ 285ನೆಯ ಕಲಮಿನಲ್ಲಿದ್ದ ಆ ವಿಧಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿಗೆ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲು ಐದು ನಗರಪಾಲಿಕೆಗಳು ಬಂದವು. ಹೀಗೆ ಕಚೇರಿಯ ಹೆಸರು, ಕಲಮಿನ ಸಂಖ್ಯೆ ಬದಲಾಗುತ್ತಿರಬಹುದು. ಬೀದಿಯಲ್ಲಿ ಸುಡಬಾರದೆಂಬ ತಿರುಳು ಮಾತ್ರ 2000ದಿಂದ ಬದಲಾಗಿಲ್ಲ.

ಇಷ್ಟು ಕಾನೂನು ಇದ್ದೂ ಹೊಗೆ ನಿಂತಿಲ್ಲವೇಕೆ? ಕಡ್ಡಿ ಗೀರಿದ ಕೈಯನ್ನು ಮಾತ್ರ ನಾವು ನೋಡುತ್ತೇವೆ. ಆ ಕೈ ಬೆಂಕಿಯತ್ತ ಹೋಗುವಂತೆ ಮಾಡಿದವರನ್ನು ನೋಡುವುದಿಲ್ಲ. ಅದೇ ಇದರ ಕಾರಣವೆಂದು ನಮಗೆ ತೋರುತ್ತದೆ. ಬೆಳಗಿನ ಜಾವ ಎದ್ದು ಬರುವ ಪೌರಕಾರ್ಮಿಕ ತಾಯಿಯ ಪಾಲಿಗೆ ಉದ್ದಕ್ಕೂ ಬೀದಿಗಳು. ಎಲೆ ತುಂಬಲು ಆಕೆಯ ಬಳಿ ಚೀಲವಿಲ್ಲ, ಎಲೆ ಸಾಗಿಸಲು ಗಾಡಿಯಿಲ್ಲ. ಕಸದ ಆಟೊದವನು ಎಲೆ ಬೇಡವೆನ್ನುತ್ತಾನೆ. ಬೀದಿ ಗುಡಿಸಿಲ್ಲವೆಂದು ಮೇಲಿನವರು ಗದರುತ್ತಾರೆ. ಮಹಡಿಯ ಮೇಲಿನಿಂದ ನಾವೂ ಕೂಗುತ್ತೇವೆ. ಆಕೆ ಬೆಂಕಿ ಹಚ್ಚಿದರೆ ಮೊದಲು ಆ ಹೊಗೆ ಕುಡಿಯುವವಳೂ ಆಕೆಯೇ. ದಂಡದ ಮಾತು ಬಂದಾಗ ಬೆರಳು ತೋರಿಸುವುದೂ ಆಕೆಯ ಕಡೆಗೇ. ಎಲೆಯ ಗುಡ್ಡೆಗೆ ಪ್ಲಾಸ್ಟಿಕ್ಕಿನ ಪೊಟ್ಟಣ ಎಸೆದು ಹೋದ ಗೃಹಸ್ಥನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ.

ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವೆಂದು ಕೈಗೊಂಡ ಶರಣೆ ಸತ್ಯಕ್ಕ ನಮ್ಮವಳು. ಅವಳ ಪೊರಕೆಯನ್ನು ಅನುಭಾವದ ಸಾಧನವೆಂದು ಪುರಾಣ ಪ್ರವಚನಗಳಲ್ಲಿ ಕೊಂಡಾಡುವ ನಾವು, ನಮ್ಮ ಬೀದಿಯ ಸತ್ಯಕ್ಕನ ಕೈಗೆ ನಾಲ್ಕು ಗೋಣಿಚೀಲ ಕೊಡಲಾರೆವೇ? ಎಲೆ ಉದುರುವ ಎರಡು ತಿಂಗಳ ಮಟ್ಟಿಗೆ ಬೀದಿಗೆ ನಾಲ್ಕಾರು ಚೀಲ, ಅವುಗಳನ್ನಿಡಲು ಒಂದು ಮೂಲೆ, ವಾರಕ್ಕೊಮ್ಮೆ ಎಲೆ ಒಯ್ಯುವಂತೆ ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಬೀದಿಯವರೆಲ್ಲ ಸಹಿ ಹಾಕಿದ ಒಂದು ಮನವಿ. ಇದಕ್ಕೆ ತಗಲುವ ಖರ್ಚು ಒಂದು ಮನೆಯ ಒಂದು ದಿನದ ತರಕಾರಿಯಷ್ಟೂ ಆಗದು. ಎಲೆ ಒಯ್ಯುವ ಹೊಣೆ ಪಾಲಿಕೆಯದೆಂದು ನಿಯಮವೇ ಹೇಳಿರುವಾಗ, ಅದನ್ನು ಕೇಳುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ. ದೂರುವುದಾದರೆ ಚೀಲ ಕೊಡದವರನ್ನು ದೂರೋಣ, ಗುಡಿಸುವವಳನ್ನಲ್ಲ.

ಇನ್ನು ನಮ್ಮ ಕಾಂಪೌಂಡಿನೊಳಗಿನ ಎಲೆ. ನಮ್ಮ ಓದುಗರಲ್ಲಿ ಅನೇಕರ ಮೂಲ ದಾವಣಗೆರೆ, ಶಿವಮೊಗ್ಗ, ತುಮಕೂರು, ಧಾರವಾಡ ಸೀಮೆಯ ಹಳ್ಳಿಗಳು. ಅಲ್ಲಿ ಮನೆಗೊಂದು ತಿಪ್ಪೆಯಿತ್ತು. ಕೊಟ್ಟಿಗೆಯ ಸಗಣಿ, ಅಡುಗೆಮನೆಯ ಸಿಪ್ಪೆ, ಅಂಗಳದ ತರಗು ಎಲ್ಲವೂ ಅಲ್ಲಿಗೆ ಹೋಗಿ, ವರ್ಷ ತಿರುಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರವಾಗಿ ಮರಳುತ್ತಿದ್ದವು. ದೀಪಾವಳಿಯಲ್ಲಿ ನಮ್ಮ ತಾಯಂದಿರು ತಿಪ್ಪೆಗೂ ಪೂಜೆ ಮಾಡಿದರು. ತಿಪ್ಪೆಗೆ ದೀಪವಿಟ್ಟರೇ ಹೊರತು ಬೆಂಕಿಯಿಡಲಿಲ್ಲ.

ನಗರದ ಮನೆಯಲ್ಲಿ ತಿಪ್ಪೆಗೆ ಜಾಗವಿಲ್ಲ ನಿಜ. ಮೂರಡಿ ಅಗಲದ ತಂತಿ ಬಲೆಯ ಸುತ್ತೊಂದು, ಇಲ್ಲವೇ ತಳದಲ್ಲಿ ತೂತು ಕೊರೆದ ಹಳೆಯ ಡ್ರಮ್ಮೊಂದು ಸಾಕು. ಎಲೆಯನ್ನು ಕೈಯಿಂದ ಪುಡಿ ಮಾಡಿ ತುಂಬುವುದು, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡುವುದು, ಸ್ವಲ್ಪ ಸಗಣಿಯ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸುವುದು, ಎರಡು ವಾರಕ್ಕೊಮ್ಮೆ ತಿರುವಿ ಹಾಕುವುದು. ಮೂರು ನಾಲ್ಕು ತಿಂಗಳಲ್ಲಿ ಕಾಡಿನ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಅಡುಗೆಮನೆಯ ಹಸಿಕಸದಿಂದ ಗೊಬ್ಬರ ಮಾಡುವವರಿಗೆ ಒಣ ಎಲೆ ಬಂಗಾರವೇ ಸರಿ. ಹಸಿಕಸದ ಪ್ರತಿ ಪದರದ ಮೇಲೂ ಒಣ ಎಲೆಯ ಪದರ ಹಾಕಿದರೆ ದುರ್ವಾಸನೆ ಬಾರದು, ಹುಳುವೂ ಆಗದು. ಏನೂ ಮಾಡಲು ಬಿಡುವಿಲ್ಲದವರು ಎಲೆಯನ್ನು ತೆಂಗಿನ ಗಿಡದ, ದಾಸವಾಳದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೂ ಆಯಿತು. ಬೇಸಿಗೆಯಲ್ಲಿ ಬುಡದ ತೇವ ಆರದೆ ಉಳಿಯುತ್ತದೆ, ನೀರೂ ಉಳಿಯುತ್ತದೆ.

ಹಬ್ಬದ ಬೆಂಕಿಯ ವಿಚಾರ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಮಠಗಳಿಗೂ ಮನೆತನಗಳಿಗೂ ಅಗ್ನಿ ಹೊಸದಲ್ಲ. ಅಷ್ಟಾವರಣಗಳಲ್ಲೊಂದಾದ ವಿಭೂತಿ ಅಗ್ನಿಯಿಂದಲೇ ಬಂದದ್ದು. ಆದರೆ ವಿಭೂತಿ ಮಾಡುವವರು ಶುದ್ಧವಾದ ಸಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ಗಟ್ಟಿ ಕಟ್ಟುತ್ತಾರೆ. ಸಿಕ್ಕಿದ್ದನ್ನೆಲ್ಲ ಸುಟ್ಟ ಬೂದಿಯನ್ನು ಯಾರೂ ಹಣೆಗೆ ಧರಿಸುವುದಿಲ್ಲ. ಮೋಳಿಗೆಯ ಮಾರಯ್ಯನವರು ಸೌದೆಯ ಹೊರೆ ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದರು. ಆ ಸೌದೆ ಯಾರದೋ ಮನೆಯ ಒಲೆಯಲ್ಲಿ ಅನ್ನ ಬೇಯಿಸಿತು. ಹೀಗೆ ನಮ್ಮ ಪರಂಪರೆಯಲ್ಲಿ ಬೆಂಕಿಗೂ ಒಂದು ಕಾಯಕವಿದೆ. ಕಾಯಕವಿಲ್ಲದೆ ಉರಿಯುವ ಬೆಂಕಿ ನೆರೆಯವರ ಉಸಿರನ್ನು ತಿನ್ನುವ ಬೆಂಕಿ.

ಹೋಳಿ ಹುಣ್ಣಿಮೆಯಲ್ಲಿ ಹಲಗೆ ಬಾರಿಸಿ ಕಾಮನನ್ನು ಸುಡುವುದು ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಿಗೆ ಬಿಡಲಾರದ ಸಂಭ್ರಮ. ಸಂಕ್ರಾಂತಿಯ ಸಂಜೆ ಹುಲ್ಲಿನ ಕಿಚ್ಚು ಹಾಯಿಸುವುದು ಮೈಸೂರು ಸೀಮೆಯ ಪದ್ಧತಿ. ಇವನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಕಾಮನ ಹೆಸರಿನಲ್ಲಿ ಹಳೆಯ ಟಯರು, ಬಣ್ಣ ಬಳಿದ ಮುರಿದ ಬಾಗಿಲು, ಪ್ಲಾಸ್ಟಿಕ್ ಕುರ್ಚಿ, ಹರಿದ ಹಾಸಿಗೆಗಳನ್ನು ಸುಡಬೇಡಿ ಎಂದಷ್ಟೇ ಹೇಳುತ್ತೇವೆ. ಪರಶಿವನು ಹಣೆಗಣ್ಣಿನಿಂದ ಸುಟ್ಟದ್ದು ಕಾಮನನ್ನು. ಗುಜರಿಯವನು ಬೇಡವೆಂದ ಸಾಮಾನನ್ನಲ್ಲ.

ನಮ್ಮ ಓದುಗರ ಮಕ್ಕಳು ಅನೇಕರು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಮನೆಯ ಹಿತ್ತಿಲಲ್ಲಿ ಚಳಿ ಕಾಯಿಸಲು, ಸಂತೋಷಕ್ಕಾಗಿ ಬೆಂಕಿ ಹಾಕುವ ರೂಢಿಯಿದೆ. ಅದಕ್ಕೆ ಊರೂರಿನಲ್ಲಿ ಕಟ್ಟುನಿಟ್ಟಿನ ನಿಯಮಗಳೂ ಇವೆ. ಅಲ್ಲಿನ ಅನೇಕ ಊರುಗಳು ಅನುಸರಿಸುವ ಮಾದರಿ ಅಗ್ನಿಸಂಹಿತೆಯ ಪ್ರಕಾರ ಇಂಥ ಬೆಂಕಿಯ ಸೌದೆ 3 ಅಡಿ ಅಗಲ, 2 ಅಡಿ ಎತ್ತರ ಮೀರಬಾರದು. ಕಟ್ಟಡದಿಂದ 25 ಅಡಿ ದೂರವಿರಬೇಕು. ಆರುವವರೆಗೂ ಯಾರಾದರೂ ಬಳಿಯಲ್ಲಿಯೇ ಇರಬೇಕು. ನೀರು, ಮಣ್ಣು ಅಥವಾ ಅಗ್ನಿಶಾಮಕ ಸಾಧನ ಕೈಗೆಟುಕುವಂತಿರಬೇಕು. ಅದಕ್ಕಿಂತ ದೊಡ್ಡ ಬೆಂಕಿಗೆ 50 ಅಡಿ ದೂರ ಬೇಕು. ಈ ಅಳತೆಯನ್ನು ನಮ್ಮ ಬೀದಿಗೆ ಹಿಡಿದು ನೋಡೋಣ. ಎರಡೂ ಕಡೆ 25 ಅಡಿ ಬಿಡಬೇಕಾದರೆ ಐವತ್ತು ಅಡಿಗಿಂತ ಹೆಚ್ಚು ಅಗಲ ಬೇಕು. ನಮ್ಮ ಅಡ್ಡರಸ್ತೆಗಳೋ ಮೂವತ್ತು ಅಡಿ ಆಸುಪಾಸಿನವು. ಮೇಲೆ ವಿದ್ಯುತ್ ತಂತಿ, ಪಕ್ಕದಲ್ಲಿ ಸಾಲು ವಾಹನ, ತಲೆಯ ಮೇಲೆ ಮರ. ಆದ್ದರಿಂದ ಅಡ್ಡರಸ್ತೆಯಲ್ಲಿ ಕಾಮದಹನ ಮಾಡತಕ್ಕದ್ದಲ್ಲ ಎಂಬುದಕ್ಕೆ ಬೇರೆ ವಾದವೇ ಬೇಡ, ಅಳತೆಯ ಪಟ್ಟಿಯೇ ಸಾಕು.

ಬೀದಿಗೊಂದು ಬೆಂಕಿಯ ಬದಲು ಬಡಾವಣೆಗೆಲ್ಲ ಒಂದೇ ಬೆಂಕಿ, ಅದೂ ತೆರೆದ ಮೈದಾನದಲ್ಲಿ, ಪಾಲಿಕೆಯ ಮತ್ತು ಪೊಲೀಸರ ಅನುಮತಿ ಪಡೆದು ಆಗಲಿ. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಗಳ ವಿಚಾರವನ್ನು ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕೆಂದು 2016ರ ನಿಯಮಗಳಲ್ಲಿಯೂ ಹೇಳಿತ್ತು. ಒಣ ಸೌದೆ ಮತ್ತು ಬೆರಣಿಯನ್ನಷ್ಟೇ ಉಪಯೋಗಿಸಿ, ನಾಲ್ಕು ಕೊಡ ನೀರು ಇಟ್ಟುಕೊಂಡು, ಸಂಜೆಯೇ ಮುಗಿಸಿ, ಕೆಂಡವನ್ನು ಆರಿಸಿಯೇ ಮನೆಗೆ ಹೊರಡೋಣ. ಗುಗ್ಗಳ, ಕೆಂಡ ಹಾಯುವ ಸೇವೆಗಳಿಗೂ ಇದೇ ಎಚ್ಚರ ಇರಲಿ. ಅಪಾಯವೆಂದು ಕಂಡ ಕೂಡಲೇ 101ಕ್ಕೆ ಅಥವಾ 112ಕ್ಕೆ ಕರೆ ಮಾಡುವುದು ಎಲ್ಲರಿಗೂ ಗೊತ್ತಿರಲಿ.

ಕಾಡಿನ ಅಂಚಿಗೆ ವಿಹಾರ ಹೋಗುವ ನಮ್ಮ ಯುವಕರಿಗೂ ಒಂದು ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಕೆಲವೇ ದಿನಗಳಲ್ಲಿ ಬೂದಿಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಅಲ್ಲಿಯೇ ಕಾಳ್ಗಿಚ್ಚನ್ನು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಕಾಡಿನ ಬಳಿ ನಕ್ಷತ್ರಗಳ ಬೆಳಕೇ ನಮ್ಮ ಸಂತೋಷಕ್ಕೆ ಸಾಲಬೇಕು.

ಕೊನೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಬೆಂಕಿಯಿದೆ. ಪುಷ್ಯ ಮಾಸದ ರಾತ್ರಿ ಎರಡು ಗಂಟೆಗೆ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಕಾವಲುಗಾರ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ಕುಗಳನ್ನು ಸುಟ್ಟು ಕೈ ಕಾಯಿಸುತ್ತಾನೆ. ಅವನಿಗೆ ಕಾನೂನು ಹೇಳುವ ಮೊದಲು ಕಂಬಳಿ ಕೊಡಬೇಕು. ಒಂದು ದಪ್ಪ ಕಂಬಳಿ, ಗಾಳಿ ತಡೆಯುವ ಒಂದು ಗೂಡು, ಫ್ಲಾಸ್ಕಿನಲ್ಲಿ ಬಿಸಿ ಚಹ, ಇಷ್ಟಿದ್ದರೆ ಆ ಬೆಂಕಿ ತಾನಾಗಿಯೇ ಆರುತ್ತದೆ. ಅವನು ಚಳಿಗೆ ಹೆದರಿ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗದಂತೆಯೂ ನೋಡಿಕೊಳ್ಳಬೇಕು. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಬಂಧುಗಳೇ, ದಂಡಕ್ಕೆ ಹೆದರಿ ಬಿಟ್ಟ ಬೆಂಕಿ ಅಧಿಕಾರಿಯ ಕಣ್ಣು ತಪ್ಪಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ನೆರೆಯವರ ಮೇಲಿನ ದಯೆಯಿಂದ ಬಿಟ್ಟ ಬೆಂಕಿ ಮತ್ತೆ ಹೊತ್ತಿಕೊಳ್ಳದು. ಗುಡಿಸುವ ತಾಯಿಗೆ ಚೀಲ, ಕಾವಲಿನ ಅಣ್ಣನಿಗೆ ಕಂಬಳಿ, ಉದುರಿದ ಎಲೆಗೆ ಗಿಡದ ಬುಡ, ಹಬ್ಬದ ಕಿಚ್ಚಿಗೆ ಬಯಲು. ಈ ನಾಲ್ಕನ್ನು ಒದಗಿಸಿದ ಬೀದಿಗೆ ದಂಡದ ರಸೀದಿ ಪುಸ್ತಕ ಬೇಕಾಗುವುದಿಲ್ಲ. ಈ ತಿಂಗಳ ಶರಣ ಸಂಗಮದಲ್ಲಿ, ಮಹಿಳಾ ಬಳಗದ ಕೂಟದಲ್ಲಿ ಈ ಮಾತು ಚರ್ಚೆಗೆ ಬರಲಿ. ಬೀದಿಗೊಬ್ಬರು ಇದರ ಹೊಣೆ ಹೊರಲಿ ಎಂದು ಪ್ರಾರ್ಥಿಸುತ್ತೇವೆ.